ಶಿಲುಬೆಯೊಳಗೊಂದು ಹಲ್ಲು

ಕಂತು ಒಂಬತ್ತು

ಮಾರ್ಸೆಲ್ ಮೊಂತೇರೊ ಚಿಮಟದ ತುದಿಯಿಂದ ಕೆದಕಿ ಕೆದಕಿ ಕಲ್ಲಿನ ಸಂದಿಯಿಂದ ಎಬ್ಬಿಸಿದ್ದು ಮನುಷ್ಯನ ಹಲ್ಲನ್ನು.

ಇಡೀ ಹಲ್ಲಲ್ಲ. ಮುಂದಿನ ಹಲ್ಲಿನ ತುದಿ, ಅಕ್ಕಿ ನುಚ್ಚಿಗಿಂತ ಕೊಂಚ ದೊಡ್ಡದು. ಮುರಿದ ಕಡೆ ಒಣಗಿದ ರಕ್ತದ ಕಂದು ಗೆರೆ. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದವನಿಗೆ ಬೆಳಗಿನಿಂದ ಕಾಡುತ್ತಿದ್ದ ಮೊಣಕಾಲಿನ ನೋವೂ ಮರೆತುಹೋಯಿತು.

"ಸಫೀರಾ," ಎಂದ ತನ್ನಷ್ಟಕ್ಕೆ. "ನಿನ್ನ ಹಲ್ಲು ಇಲ್ಲಿ ಎಂತ ಮಾಡ್ತಾ ಉಂಟು ಮಾರಾಯ?"

ಕೇಳಲೇಬೇಕಾದ ಪ್ರಶ್ನೆ. ಉಳ್ಳಾಲದ ಸಫೀರ್, ಫೋರ್ಕ್‌ಲಿಫ್ಟ್ ಓಡಿಸುವವನು, ಮಂಗಳವಾರ ಅಬುಧಾಬಿ ಬಂದರಿನ ಅಲ್ ಮೀನಾದ ಇದೇ ಗೋದಾಮಿನಲ್ಲಿ ಈ ಕಲ್ಲಿನ ಶಿಲುಬೆಯ ಅಡಿ ಸಿಕ್ಕಿ ಅಪ್ಪಚ್ಚಿಯಾದ. ಪೊಲೀಸರ ಕಾಗದದಲ್ಲಿ ಬರೆದಿದ್ದ ಪ್ರಕಾರ ಅವನನ್ನು ಕೊಂದದ್ದು ಶಿಲುಬೆಯ ಬೆನ್ನು. ಹಲ್ಲು ಸಿಕ್ಕಿದ್ದು ಶಿಲುಬೆಯ ಎದೆಯಲ್ಲಿ.

ಈ ಬೆನ್ನು, ಎದೆ ಎರಡರ ಕತೆಯನ್ನೂ ಒಂದು ಗಳಿಗೆ ಹೇಳಬೇಕು. ಐರ್ಲೆಂಡಿನ ಯಾವುದೋ ಹೊಲದಲ್ಲಿ ಸಾವಿರದ ನೂರು ವರ್ಷದ ಹಿಂದೆ ಸನ್ಯಾಸಿಗಳು ನಿಲ್ಲಿಸಿದ ಶಿಲುಬೆ ಅದು. ಎರಡಾಳು ಉದ್ದ, ಕೈಗಳು ಕೂಡುವಲ್ಲಿ ಸುತ್ತಲೂ ಕಲ್ಲಿನದೇ ಒಂದು ಬಳೆ, ಬುಡದಿಂದ ತಲೆಯವರೆಗೆ ಚೌಕ ಚೌಕವಾಗಿ ಬೈಬಲ್ಲಿನ ಕತೆಗಳು. ಯಾವ ಕಾಲದ ಗಾಳಿಗೋ ಕವುಚಿ ಬಿತ್ತು. ಎತ್ತುವವರಿಲ್ಲದೆ ಶತಮಾನಗಟ್ಟಲೆ ಹಾಗೇ ಬಿದ್ದುಕೊಂಡಿತು. ಮೇಲಿದ್ದ ಬೆನ್ನನ್ನು ಮಳೆ ತಿಂದು ತಿಂದು ಬಳಸಿ ಸವೆದ ಸಾಬೂನಿನ ಹಾಗೆ ಮಾಡಿತು. ಕೆಸರಿಗೆ ಮುಖವಿಟ್ಟಿದ್ದ ಎದೆ ಮಾತ್ರ ನಿನ್ನೆ ಮೊನ್ನೆ ಉಳಿ ಇಳಿಸಿದಂತೆ ಉಳಿಯಿತು. ಬಿದ್ದದ್ದೇ ಅದರ ಪುಣ್ಯ.

ಈಗ ಅಬುಧಾಬಿಯ ಖಾಸಗಿ ಪ್ರದರ್ಶನವೊಂದಕ್ಕೆ ಬಂದು, ಮರದ ದಿಮ್ಮಿಗಳ ಮೇಲೆ ಅಂಗಾತ ಮಲಗಿತ್ತು. ಪೊಲೀಸರ ಪ್ರಕಾರ, ತಲೆಯ ಕಡೆಯಿಂದ ಎತ್ತುವಾಗ ಕೊಕ್ಕೆ ಜಾರಿತು, ಬೆನ್ನು ಸಫೀರನ ಮೇಲೆ ಬಂತು. ಎತ್ತುವ ಯಂತ್ರದ ಗುಂಡಿ ಒತ್ತುವ ಕೆಲಸ ಎಲ್ರಾಯ್‌ನದು. ಹಿಂದಿನ ದಿನ ಎಲ್ರಾಯ್‌ಗೂ ಸಫೀರ್‌ಗೂ ಎಲ್ಲರೆದುರು ಜಗಳವಾಗಿತ್ತು. ಖಲಾಸ್! ಎಲ್ರಾಯ್ ಲಾಕಪ್ಪಿನಲ್ಲಿ.

ಎಲ್ರಾಯ್ ಮಾರ್ಸೆಲ್‌ನ ತಂಗಿ ಡೊರೊತಿಯ ಒಬ್ಬನೇ ಮಗ. ವಿಮಾ ಕಂಪನಿ ಹಾನಿ ಲೆಕ್ಕ ಹಾಕಲು ಕಳಿಸಿದ ಸರ್ವೇಯರು ಆರೋಪಿಯ ಸೋದರಮಾವ ಎಂಬುದು ಕಂಪನಿಗೆ ಇನ್ನೂ ಗೊತ್ತಿಲ್ಲ. ಮಾರ್ಸೆಲ್ ಹೇಳಿಯೂ ಇಲ್ಲ.

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಜುಲೈ ತಿಂಗಳ ಶನಿವಾರ. ಬಿಸಿಲ ಹೊತ್ತು ಹೊರಗೆ ದುಡಿಸಬಾರದೆಂಬ ಕಾನೂನಿಗೆ ಅಂಗಳವೆಲ್ಲ ಖಾಲಿ. ಮೂರಕ್ಕೆ ಹೊಸ ಕೆಲಸಗಾರರು ಬರುತ್ತಾರೆ, ಶಿಲುಬೆಯನ್ನು ನಿಲ್ಲಿಸುತ್ತಾರೆ, ಪೈಪಿನಿಂದ ನೀರು ಬಿಟ್ಟು ತೊಳೆಯುತ್ತಾರೆ. ಬಳಿಕ ಅಲ್ಲಿ ಹಲ್ಲೂ ಇರುವುದಿಲ್ಲ, ರಕ್ತವೂ ಇರುವುದಿಲ್ಲ, ಎಲ್ರಾಯ್‌ಗೆ ದಾರಿಯೂ ಇರುವುದಿಲ್ಲ.

"ಸಿಕ್ಕಿತಾ ಸಾರ್?"

ಕಾವಲುಗಾರ ಅಬ್ಬಾಸ್. ಉಪ್ಪಳದವನು, ಸಣಕಲು, ಮಾತಿಗಿಂತ ನೋಟ ಜಾಸ್ತಿ. ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಇಣುಕಿದ್ದ.

"ಸಿಕ್ಕಿದ್ದು ಉಂಟು. ಬಾ ಇಲ್ಲಿ. ಮಂಗಳವಾರ ನೀನು ನೋಡಿದ್ದು ಇನ್ನೊಮ್ಮೆ ಹೇಳು."

"ಮೂರು ಸಲ ಹೇಳಿದೆ ಸಾರ್. ನಿಮಗೆ ಒಮ್ಮೆ, ಪೊಲೀಸಿಗೆ ಎರಡು ಸಲ."

"ನಾಲ್ಕನೇ ಸಲ ಹೇಳಿದರೆ ನಾಲಗೆ ಸವೆಯುವುದಿಲ್ಲ."

ಅಬ್ಬಾಸ್ ಪರದೆಯ ಆಚೆ ತಾನು ನಿಂತಿದ್ದ ಜಾಗ ತೋರಿಸಿದ. "ಇಲ್ಲಿಂದ ಎಲ್ಲ ಮಂಜು ಮಂಜು. ಒಳಗೆ ಒಬ್ಬ ಬಿಳಿ ಕವರಾಲ್ ಹಾಕಿದವ. ಧೂಳಿಗೆ ಮಾಸ್ಕು, ದೊಡ್ಡ ಕನ್ನಡಕ, ಟೊಪ್ಪಿ. ಯಾರು ಅಂತ ಪಡೆದ ತಾಯಿಗೂ ಗೊತ್ತಾಗ್ಲಿಕ್ಕಿಲ್ಲ. ಕಲ್ಲಿನ ಆಚೆ ನೆಲ ಕಾಣ್ತಿರಲಿಲ್ಲ. ಅವ ಕಲ್ಲನ್ನು ದಾಟಿದ, ಆಮೇಲೆ ಪ್ರಾರ್ಥನೆ ಮಾಡಿದ. ಅಷ್ಟರಲ್ಲಿ ಗೇಟಿಗೆ ಲಾರಿ ಬಂತು, ಹೋದೆ. ವಾಪಸ್ ಬರುವಾಗ ಬೊಬ್ಬೆ."

"ಪ್ರಾರ್ಥನೆ ಅಂತ ನೀನು ಹೇಳಿದ್ದಾ?"

"ನಾನು ಮಾಡಿ ತೋರಿಸಿದ್ದು ಸಾರ್. ದುಭಾಷಿ ಪ್ರಾರ್ಥನೆ ಅಂತ ಬರೆಸಿದ. ಶಿಲುಬೆ, ಪ್ರಾರ್ಥನೆ... ಒಳಗೆ ಕ್ರಿಶ್ಚಿಯನ್ ಅಂದ್ರೆ ಎಲ್ರಾಯ್ ಒಬ್ಬನೇ."

ಮಾರ್ಸೆಲ್ ಚಿಮಟ ಕೆಳಗಿಟ್ಟ. ಮೂರು ದಿನದಿಂದ ಅವನು ಈ ಮಾತನ್ನು ಕೇಳಿದ್ದನೇ ಹೊರತು ಕಣ್ಣಿಂದ ನೋಡಿರಲಿಲ್ಲ.

"ನನಗೂ ಮಾಡಿ ತೋರಿಸು."

ಅಬ್ಬಾಸ್ ಬಗ್ಗಿ ಬಲಗೈಯ ಬೆರಳುಗಳಿಂದ ಕಲ್ಲನ್ನು ಮುಟ್ಟಿದ. ಅದೇ ಬೆರಳುಗಳನ್ನು ಎಡಗಣ್ಣಿಗೊಮ್ಮೆ ಬಲಗಣ್ಣಿಗೊಮ್ಮೆ ಒತ್ತಿದ. ನೆಟ್ಟಗೆ ನಿಂತ. "ಇಷ್ಟೇ. ಕನ್ನಡಕದ ಮೇಲೇ ಒತ್ತಿಕೊಂಡ ಸಾರ್, ಅಷ್ಟು ಅವಸರ."

"ಹಣೆ ಮುಟ್ಟಿದನಾ? ಎದೆ? ಭುಜ?"

"ಇಲ್ಲ."

"ಬೆರಳಿಗೆ ಮುತ್ತು ಕೊಟ್ಟನಾ?"

"ಮಾಫಿ ಸಾರ್, ಇಲ್ಲವೇ ಇಲ್ಲ. ಕಣ್ಣಿಗೆ ಮಾತ್ರ."

ಮಾರ್ಸೆಲ್ ನೆಲದ ಮೇಲೆ ಕುಳಿತೇಬಿಟ್ಟ. ಶಿರ್ವದ ಇಗರ್ಜಿಯಲ್ಲಿ ಎಂಟು ವರ್ಷ ಪಾದ್ರಿಯ ಪಕ್ಕ ಗಂಟೆ ಹೊಡೆದವನು ಎಲ್ರಾಯ್. ಶಿಲುಬೆಗೆ ಕಾಲು ತಾಗಿದರೆ ಅವನ ಕೈ ಹಣೆಗೆ, ಎದೆಗೆ, ಎರಡು ಭುಜಕ್ಕೆ ಹೋಗಿ ಕೊನೆಗೆ ಬಾಯಿಗೆ ಬರುತ್ತದೆ. ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಬೇರೆ ಮನೆಯ ಪಾಠ. ಪುಸ್ತಕಕ್ಕೆ ಕಾಲು ತಾಗಿದರೆ, ಅಕ್ಕಿಯ ಸೇರು ಎಡವಿದರೆ, "ಒತ್ಕೊಳ್ಳೋ ಕಣ್ಣಿಗೆ" ಎಂದು ಅಜ್ಜಿ ಗದರಿಸಿ ಕಲಿಸುವ ಪಾಠ.

ಆ ದಿನ ಬಿಳಿ ಕವರಾಲ್ ತೊಟ್ಟವರಲ್ಲಿ ಅಂಥ ಮನೆಯವರು ಇಬ್ಬರು. ಕಲ್ಲು ಶುಚಿ ಮಾಡುವ ಕಾರ್ಕಳದ ಶಿಲ್ಪಿ ಶಾಮಸುಂದರ. ಗೋದಾಮಿನ ಮ್ಯಾನೇಜರು, ಮೈಸೂರಿನ ಗುರುದತ್ತ.

"ಯಾರು ಅಂತ ಗೊತ್ತಾಯ್ತಾ ಸಾರ್?" ಅಬ್ಬಾಸ್ ಕೇಳಿದ.

"ಇನ್ನು ಸ್ವಲ್ಪ ಉಂಟು. ನೀನು ಗೇಟಿಗೆ ಹೋಗು. ಶಾಮಣ್ಣ ಬಂದರೆ ಕಳಿಸು."

ಶಾಮಸುಂದರ ಬಂದದ್ದು ಉಳಿಗಳ ಚೀಲ ಒಯ್ಯಲು. ಅರವತ್ತರ ಹತ್ತಿರದ ಗಟ್ಟಿ ಮುದುಕ. ಬಂದವನೇ ಕಾಲು ಎತ್ತಿ ಶಿಲುಬೆಯ ಮೇಲೆ ಕುದುರೆ ಏರಿದ ಹಾಗೆ ಕೂತು, ಕಿಸೆಯಿಂದ ಕಡಲೆಕಾಯಿ ತೆಗೆದು ಸುಲಿಯತೊಡಗಿದ.

"ಅಲ್ಲ ಶಾಮಣ್ಣ, ಹಾಗೆ ಕೂತರೆ ಪಾಪ ಬರುವುದಿಲ್ಲವಾ?"

"ಎಂತ ಪಾಪ? ಕಲ್ಲಿನ ಮೇಲೆ ಕೂರದೆ ಕಲ್ಲಿನ ಕೆಲಸ ಆಗ್ತದಾ? ಗೊಮ್ಮಟನ ಮೂಗು ಕೆತ್ತುವವ ಗೊಮ್ಮಟನ ತುಟಿಯ ಮೇಲೇ ಕಾಲಿಡಬೇಕು. ನಲವತ್ತು ವರ್ಷದಿಂದ ದೇವರುಗಳನ್ನು ಮೆಟ್ಟಿಯೇ ಅನ್ನ ತಿಂದದ್ದು ನಾನು."

ಮಾರ್ಸೆಲ್ ನಕ್ಕ. ಇಬ್ಬರಲ್ಲಿ ಒಬ್ಬ ಕಡಿಮೆಯಾದ.

"ಇಲ್ಲಿ ಈ ಕಂದು ಬಣ್ಣ ಎಂತದ್ದು?"

ಶಾಮಸುಂದರ ಬಗ್ಗಿ ನೋಡಿದ. ಆ ಚೌಕದಲ್ಲಿ ಕಾಯಿನನು ತಮ್ಮ ಆಬೇಲನ ತಲೆಗೆ ಕೊಡಲಿಯಿಂದ ಹೊಡೆಯುತ್ತಿದ್ದ. ಇಬ್ಬರ ಕಣ್ಣಿನ ಗುಳಿಗಳಲ್ಲೂ ಕಂದು ಕಟ್ಟಿತ್ತು. "ಕಬ್ಬಿಣದ ತುಕ್ಕು, ಕಲ್ಲಿನೊಳಗಿಂದ ಬಂದದ್ದು ಅಂತ ಗುರುದತ್ತರು ಹೇಳಿದ್ರು. ಒದ್ದೆ ಬಟ್ಟೆಯಲ್ಲಿ ಒರೆಸಿದವರೂ ಅವರೇ. ನಾನು ನಂಬಲಿಲ್ಲ, ಕೇಳಲೂ ಇಲ್ಲ. ಅವರು ಮ್ಯಾನೇಜರು, ನಾನು ಕಲ್ಲುಕುಟಿಗ." ಕಡಲೆಕಾಯಿ ಸಿಪ್ಪೆ ಊದಿದ. "ಇನ್ನೊಂದು ಉಂಟು. ಆ ಬಳೆ ನೋಡಿ. ಎಡಗಡೆ ಕೂದಲೆಳೆ ಗೆರೆ ಕಾಣ್ತದಾ? ಅದು ಹೊಸ ಅಂಟು. ನಾನು ಹಾಕಿದ್ದಲ್ಲ. ಇಳಿಸುವ ದಿನ ಯಾರೋ ಮುರಿದಿದ್ದಾರೆ, ಯಾರೋ ಅಂಟಿಸಿದ್ದಾರೆ."

ಇಳಿಸುವ ದಿನ ಫೋರ್ಕ್‌ಲಿಫ್ಟಿನಲ್ಲಿ ಇದ್ದವನು ಸಫೀರ್. ಪಕ್ಕದಲ್ಲಿ ನಿಂತು "ಯಲ್ಲಾ ಯಲ್ಲಾ" ಎಂದು ಅವಸರ ಮಾಡುತ್ತಿದ್ದವನು ಗುರುದತ್ತ.

ಶಾಮಸುಂದರ ಹೋದ ಮೇಲೆ ಮಾರ್ಸೆಲ್ ಫೋನು ತೆಗೆದ. ಪೊಲೀಸಿಗೆ ಮಾಡಬೇಕೆನ್ನುವಷ್ಟರಲ್ಲಿ ಡೊರೊತಿಯದೇ ಬಂತು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಫ್ಲ್ಯಾಟಿನಲ್ಲಿ ಮೂರು ದಿನದಿಂದ ಒಲೆ ಹಚ್ಚದೆ ಕೂತವಳು.

"ಮಾರ್ಸೆಲ್, ಎಲ್ರಾಯ್ ಸೋತುಹೋಗಿದ್ದಾನೆ. ತಪ್ಪು ನನ್ನದೇ ಅಂತ ಸಹಿ ಹಾಕಿಬಿಡ್ತೇನೆ ಮಮ್ಮಿ, ನಿದ್ದೆ ಮಾಡ್ಲಿಕ್ಕೆ ಬಿಡ್ತಾರೆ ಅಂತಾನೆ."

"ಹಾಕಬಾರದು ಅಂತ ಹೇಳು! ಡೊರೊತಿ, ಕೇಳು, ಸಂಜೆಯೊಳಗೆ ನಾನು..."

"ಊಟ ಆಯ್ತಾ ಮಾರ್ಸೆಲ್ ಅವರೇ?"

ಗುರುದತ್ತ ಪರದೆ ಸರಿಸಿಕೊಂಡು ಒಳಗೆ ಬಂದಿದ್ದ. ಇಸ್ತ್ರಿ ಕೆಡದ ಅಂಗಿ, ಹೊಳೆಯುವ ಬೂಟು, ಕೈಯಲ್ಲಿ ಟಿಫಿನ್ ಡಬ್ಬಿ. ಮಾರ್ಸೆಲ್ ಕರೆ ಕತ್ತರಿಸಿದ.

"ನಮ್ಮನೆಯವಳು ಬಿಂದು ಮೆಂತ್ಯದ ಬಾತ್ ಕಳಿಸಿದಾಳೆ, ಇಬ್ಬರಿಗಾಗತ್ತೆ. ಮೂರಕ್ಕೆ ಹುಡುಗ್ರು ಬಂದ್ಬಿಡ್ತಾರೆ. ನಿಮ್ದೆಲ್ಲ ಮುಗೀತು ತಾನೆ?"

"ಮುಗಿಯಿತು ಗುರುದತ್ತರೇ. ಒಂದು ಸಣ್ಣ ಪ್ರಶ್ನೆ ಬಾಕಿ ಉಂಟು. ಸಫೀರನ ಮುಖವನ್ನು ನೀವು ಕಲ್ಲಿಗೆ ಎಷ್ಟು ಸಲ ಜಪ್ಪಿದ್ದು?"

ಡಬ್ಬಿ ನಿಧಾನವಾಗಿ ಮೇಜಿನ ಮೇಲೆ ಕೂತಿತು.

"ತಮಾಷೆ ಮಾಡ್ತೀರ."

"ಹಲ್ಲು ತಮಾಷೆ ಮಾಡುವುದಿಲ್ಲ." ಮಾರ್ಸೆಲ್ ಕಿಸೆಯಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ತೋರಿಸಿದ. "ಬೆನ್ನಿನಡಿ ಸತ್ತವನ ಹಲ್ಲು ಎದೆಯ ಮೇಲೆ ಹೇಗೆ ಬಂತು? ಮೊದಲು ಮುಖ ಜಪ್ಪಿದಿರಿ. ಅವನು ಬಿದ್ದ. ತಲೆಯ ಕಡೆಯಿಂದ ಶಿಲುಬೆ ಎತ್ತಿದಿರಿ, ಅವನನ್ನು ಕೆಳಗೆ ನೂಕಿದಿರಿ, ಕೊಕ್ಕೆ ಬಿಡಿಸಿದಿರಿ. ಎಲ್ರಾಯ್ ಹಿಂದಿನ ಅಂಗಳದ ಲಾರಿಯಿಂದ ಕಲ್ಲಿನಡಿಗೆ ಹಾಸುವ ರಬ್ಬರ್ ತರುವಷ್ಟು ಹೊತ್ತಿನ ಕೆಲಸ."

"ಎಲ್ರಾಯೇ ಮಾಡಿರಬಹುದಲ್ಲ?"

"ಮಾಡಿದವನು ಶಿಲುಬೆ ದಾಟುವಾಗ ಕಾಲು ತಾಗಿಸಿ ಕಣ್ಣಿಗೊತ್ತಿಕೊಂಡಿದ್ದಾನೆ. ನಮ್ಮ ಹುಡುಗನಿಗೆ ಅದು ಬರುವುದಿಲ್ಲ. ಕೊಲೆ ಮಾಡುವಾಗಲೂ ನೀವು ಅಜ್ಜಿ ಹೇಳಿಕೊಟ್ಟದ್ದು ಮರೆಯಲಿಲ್ಲ ನೋಡಿ!"

ಗುರುದತ್ತನ ಮುಖ ಬಣ್ಣಗೆಟ್ಟಿತು. ಮಾತಾಡಿದಾಗ ದನಿ ಮೆತ್ತಗೇ ಇತ್ತು, ಕಚೇರಿಯಲ್ಲಿ ರಜೆ ಅರ್ಜಿ ಓದುವ ದನಿ.

"ಅವನು ಐರ್ಲೆಂಡಿನವರಿಗೆ ಹೇಳ್ತೀನಿ ಅಂದ. ಬಳೆ ಮುರಿದದ್ದು ಹೇಳ್ಲೇಬೇಕು ಸಾರ್, ಇಲ್ಲಾಂದ್ರೆ ನನ್ನ ತಲೆಗೆ ಬರತ್ತೆ ಅಂದ. ಕಾಲಿಗೆ ಬಿದ್ದೆ ಮಾರ್ಸೆಲ್ ಅವರೇ. ಹತ್ತೊಂಬತ್ತು ವರ್ಷ ಒಂದು ಗಾಜಿನ ಲೋಟ ಒಡೆದವನಲ್ಲ ನಾನು. ಸಾವಿರ ವರ್ಷದಿಂದ ನಿಂತಿದ್ದನ್ನ ಗುರುದತ್ತ ಮುರಿದ ಅಂತ..."

"ನಿಂತಿರಲಿಲ್ಲ ಮಾರಾಯ್ರೇ. ಬಿದ್ದಿತ್ತು."

ಮಾರ್ಸೆಲ್ ಪೊಟ್ಟಣ ಕಿಸೆಗೆ ಹಾಕಿ ಫೋನು ಕಿವಿಗೆ ತಂದ. ಮಾಡಿದ ತಪ್ಪು ಅದೇ. ಕಣ್ಣು ಒಂದು ಕ್ಷಣ ಫೋನಿನ ಮೇಲಿತ್ತು.

ದಿಮ್ಮಿ ಮೀಟುವ ಕಬ್ಬಿಣದ ಹಾರೆ ಗೋಡೆಗೆ ಒರಗಿತ್ತು. ಅದು ಗಾಳಿ ಸೀಳಿಕೊಂಡು ಬಂದು ಫೋನನ್ನೂ ಹಿಡಿದಿದ್ದ ಬೆರಳುಗಳನ್ನೂ ಒಟ್ಟಿಗೇ ಪುಡಿ ಮಾಡಿತು. ಮಾರ್ಸೆಲ್ ಕಿರುಚಿದ್ದು ಅವನಿಗೇ ಕೇಳಿಸಲಿಲ್ಲ. ಎರಡನೆಯ ಏಟು ಭುಜಕ್ಕೆ. ಹೆಗಲ ಮೂಳೆ ಒಣಕಟ್ಟಿಗೆಯಂತೆ ಚಟಕ್ಕೆಂದಿತು. ಮೂರನೆಯದು ತಲೆಗೆ ಬರುವುದಿತ್ತು. ಅವನು ಉರುಳಿದ, ಹಾರೆ ನೆಲಕ್ಕೆ ಬಡಿದು ಕಿಡಿ ಹಾರಿತು.

"ಸುಮ್ನಿರಿ!" ಗುರುದತ್ತ ಏದುಸಿರಿನಲ್ಲಿ ಬೇಡಿಕೊಂಡ. "ದಯವಿಟ್ಟು ಅಲುಗಾಡ್ಬೇಡಿ!"

ಕೊಲ್ಲುವವನು ದಯವಿಟ್ಟು ಅನ್ನುವುದನ್ನು ಮಾರ್ಸೆಲ್ ಜೀವಮಾನದಲ್ಲಿ ಮೊದಲ ಸಲ ಕೇಳಿದ. ಬಾಯಲ್ಲಿ ರಕ್ತದ ಉಪ್ಪು. ಒಂದೇ ಕೈ ಊರಿ ಶಿಲುಬೆಯ ಮೇಲಿಂದ ಆಚೆಗೆ ಬಿದ್ದ. ಗುರುದತ್ತ ಸುತ್ತಿ ಬರಲಿಲ್ಲ, ನೇರ ದಾಟಿದ. ಹೊಳೆಯುವ ಬೂಟು ಕಾಯಿನನ ಮುಖದ ಮೇಲೆ ಊರಿತು. ಹಾರೆ ತಲೆಯ ಮೇಲಕ್ಕೆ ಎದ್ದಿತು.

ಅಲ್ಲೇ ನಿಂತಿತು.

ಗುರುದತ್ತನ ಬಲಗೈ ಹಾರೆ ಬಿಟ್ಟು ಕೆಳಗಿಳಿಯಿತು. ಬೆರಳುಗಳು ಕಲ್ಲನ್ನು ಮುಟ್ಟಿದವು. ಎಡಗಣ್ಣು, ಬಲಗಣ್ಣು. ಕಣ್ಣಿನ ಸುತ್ತ ಮಾರ್ಸೆಲ್‌ನದೇ ರಕ್ತ ಕುಂಕುಮದಂತೆ ಅಂಟಿತು.

ತಾನು ಮಾಡಿದ್ದೇನೆಂದು ಗುರುದತ್ತನಿಗೆ ತಿಳಿಯಲು ಅರೆಕ್ಷಣ ಬೇಕಾಯಿತು. ಮಾರ್ಸೆಲ್‌ಗೆ ಅಷ್ಟು ಸಾಕಾಯಿತು. ಬಲವಿದ್ದ ಕೈಯಿಂದ ಬೂಟಿನ ಹಿಮ್ಮಡಿ ಹಿಡಿದು ಇಡೀ ದೇಹದ ಭಾರ ಹಾಕಿ ಎಳೆದ. ಗುರುದತ್ತ ಜಾರಿದ. ಕಾಲು ಎರಡು ದಿಮ್ಮಿಗಳ ನಡುವೆ ಕಲ್ಲಿನಡಿಗೆ ತೊಡೆಯವರೆಗೆ ಹೋಯಿತು, ಮೈ ಇನ್ನೊಂದು ಕಡೆಗೆ ತಿರುಚಿ ಬಿತ್ತು. ಮಂಡಿ ಮುರಿದ ಸದ್ದಿಗೆ ಪಾರಿವಾಳವೊಂದು ಛಾವಣಿಯಿಂದ ಹಾರಿತು. ಆಮೇಲೆ ಗುರುದತ್ತನ ಕೂಗು. ಹಾರೆ ಎಲ್ಲೋ ದೂರ ಉರುಳಿಹೋಯಿತು.

ಪರದೆಯ ಆಚೆ ಅಬ್ಬಾಸ್ ನಿಂತಿದ್ದ.

"ಅಬ್ಬಾಸ್!" ಮಾರ್ಸೆಲ್ ನಗುತ್ತಿದ್ದ, ಅಳುತ್ತಲೂ ಇದ್ದ. "ಕಂಡೆಯಾ? ಕೈ ಕಂಡೆಯಾ?"

"ಕಂಡೆ ಸಾರ್. ಮಂಗಳವಾರ ಕಂಡದ್ದು ಇದೇ ಕೈ."

"ಓಡು, ಪೊಲೀಸಿಗೆ ಫೋನ್ ಮಾಡು. ನನ್ನದು ಪುಡಿಯಾಯಿತು."

ಅಬ್ಬಾಸ್ ಓಡಲಿಲ್ಲ. ಬಾಗಿಲ ಬಳಿ ಹೋಗಿ ಗುಂಡಿ ಒತ್ತಿದ. ಕಬ್ಬಿಣದ ಶಟರು ಕಿರುಗುಟ್ಟುತ್ತಾ ಇಳಿದು ನೆಲ ಮುಟ್ಟಿತು. ಬಿಸಿಲಿನ ಪಟ್ಟಿ ಹೋಯಿತು. ಅವನು ಇದ್ದದ್ದು ಒಳಗೆ.

"ಎಂತ ಮಾಡ್ತಾ ಇದ್ದೀ?"

"ಇಬ್ಬರಲ್ಲಿ ಯಾರು ಅಂತ ನನಗೆ ಗೊತ್ತಿರಲಿಲ್ಲ ಸಾರ್. ಶಾಮಣ್ಣನಾ, ಇವರಾ? ಕಣ್ಣಿಗೊತ್ತಿಕೊಳ್ಳುವುದು ನಮ್ಮ ಊರಲ್ಲಿ ನಾನು ನೋಡದ್ದಾ? ಎಲ್ರಾಯ್ ಅಲ್ಲ ಅಂತ ಅವತ್ತೇ ಗೊತ್ತಿತ್ತು." ಅವನು ಎತ್ತುವ ಯಂತ್ರದ ಗುಂಡಿಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡ. "ಪೊಲೀಸರಿಗೆ ಬಿಡಿಸಿ ಹೇಳಿದ್ರೆ ಕೊಂದವನನ್ನು ಅವರೇ ಒಯ್ತಿದ್ರು. ನನಗೆ ಸಿಗ್ತಿರಲಿಲ್ಲ."

ಮಾರ್ಸೆಲ್‌ಗೆ ಆಗ ನೆನಪಾಯಿತು. ಬುಧವಾರ ಉಳ್ಳಾಲಕ್ಕೆ ಫೋನು ಮಾಡಿದಾಗ ಸಫೀರನ ತಾಯಿ ಖತೀಜಮ್ಮ ಹೇಳಿದ್ದಳು: "ನನ್ನ ಸೊಸೆಯ ಅಣ್ಣ ಅಲ್ಲೇ ದುಬೈಯಲ್ಲಿ ಇದ್ದಾನೆ ಮಗಾ, ಅವನು ನೋಡಿಕೊಳ್ತಾನೆ." ಆ ಮಾತು ನಂಬಿ ಗುರುವಾರವಿಡೀ ಅವನು ದುಬೈಯ ನೈಫ್ ಬೀದಿಯ ಅಂಗಡಿ ಅಂಗಡಿ ಅಲೆದಿದ್ದ. ಎಂಥ ಪೆದ್ದ! ಊರಿನ ಮುದುಕಿಯರಿಗೆ ಶಾರ್ಜಾವೂ ದುಬೈಯೇ, ಮಸ್ಕತ್ತೂ ದುಬೈಯೇ, ಅಬುಧಾಬಿಯೂ ದುಬೈಯೇ.

"ನೀನು ಸಫೀರನ..."

"ಭಾವ. ನನ್ನ ತಂಗಿಗೆ ಈಗ ಏಳು ತಿಂಗಳು ಸಾರ್."

ಮೋಟಾರು ಗುಂಯ್‌ಗುಟ್ಟಿತು. ಮೂರು ಗಂಟೆಯ ಕೆಲಸಕ್ಕೆಂದು ಶಿಲುಬೆಗೆ ಎತ್ತುವ ಪಟ್ಟಿಗಳನ್ನು ಬೆಳಿಗ್ಗೆಯೇ ಬಿಗಿದಿಟ್ಟಿದ್ದರು. ಸರಪಳಿ ಸೆಟೆಯಿತು. ಶಿಲುಬೆ ದಿಮ್ಮಿ ಬಿಟ್ಟು ಒಂದು ಗೇಣು ಮೇಲೆದ್ದಿತು.

"ಎತ್ತು, ಎತ್ತು," ಗುರುದತ್ತ ನರಳಿದ. "ಕಾಲು ಬಿಡಿಸಪ್ಪ, ನಿನಗೆ ಪುಣ್ಯ ಬರತ್ತೆ."

ಶಿಲುಬೆ ಇನ್ನೂ ಎರಡು ಗೇಣು ಏರಿತು. ಅಬ್ಬಾಸ್ ಒಂದೊಂದೇ ದಿಮ್ಮಿಯನ್ನು ಕಾಲಿನಿಂದ ಒದ್ದು ಆಚೆ ಹಾಕಿದ. ಬಳಿಕ ಅದೇ ಕಾಲನ್ನು ಗುರುದತ್ತನ ಪಕ್ಕೆಗೆ ಕೊಟ್ಟು, ಮೂಟೆ ಉರುಳಿಸಿದಂತೆ, ಕಲ್ಲಿನಡಿಗೆ ಉರುಳಿಸಿದ. ಅವಸರವಿಲ್ಲದ ಕೆಲಸ.

"ಬೀಳಿಸುವುದಿಲ್ಲ," ಎಂದ. "ನಿಧಾನಕ್ಕೆ ಇಳಿಸ್ತೇನೆ. ಸಫೀರನಿಗೆ ಗೊತ್ತಾಗಿತ್ತೋ ಇಲ್ಲವೋ. ಇವರಿಗೆ ಗೊತ್ತಾಗಬೇಕು."

"ಅಬ್ಬಾಸ್, ಬೇಡ! ಕೇಳು ನನ್ನ ಮಾತು!" ಮಾರ್ಸೆಲ್ ತೆವಳಿದ. ಮುರಿದ ಕೈ ನೆಲದ ಮೇಲೆ ಕೆಂಪು ಗೆರೆ ಎಳೆಯಿತು. ತಲೆಯೊಳಗೆ ಒಂದೇ ವಿಚಾರ. ಫೋನು ಪುಡಿಯಾಗಿದೆ. ಕೊಲೆ ಆಗಿದೆ ಎಂದು ಹಲ್ಲು ಹೇಳೀತೇ ಹೊರತು ಕೊಂದವನ ಹೆಸರು ಹೇಳದು. ಆರೋಪಿಯ ಸೋದರಮಾವನ ಮಾತನ್ನು ಯಾರೂ ನಂಬರು. ಎಲ್ರಾಯ್ ಕೊಂದಿಲ್ಲವೆಂದು ಹೇಳಬಲ್ಲ ಬಾಯಿ ಇಡೀ ಭೂಮಿಯ ಮೇಲೆ ಒಂದೇ. ಅದು ಈ ಕಲ್ಲಿನಡಿ ಬಿದ್ದು ಅಮ್ಮಾ ಅಮ್ಮಾ ಎನ್ನುತ್ತಿತ್ತು.

"ಇವನು ಸತ್ತರೆ ನನ್ನ ಹುಡುಗ ಹೋದ! ನೀನು ಸಾಕ್ಷಿ ಹೇಳ್ತೀಯಾ? ನೀನೇ ಕೊಂದವನಾಗಿರ್ತೀಯಲ್ಲ, ನಿನ್ನ ಮಾತು ಯಾರು ಕೇಳ್ತಾರೆ?"

ಅಬ್ಬಾಸ್‌ನ ಹೆಬ್ಬೆರಳು ಗುಂಡಿಯ ಮೇಲಿತ್ತು.

ಮಾರ್ಸೆಲ್ ಮೊಂತೇರೊ ಯೋಚಿಸಲಿಲ್ಲ. ಕಲ್ಲಿನಡಿಗೆ ನುಗ್ಗಿ, ಐದು ನಿಮಿಷದ ಹಿಂದೆ ತನ್ನ ಎಲುಬು ಮುರಿದವನ ಮೇಲೆ ಕವುಚಿ ಮಲಗಿದ. ಕೆಳಗಿನಿಂದ ಗುರುದತ್ತನ ಎದೆ ಗುಬ್ಬಿಯಂತೆ ಹೊಡೆದುಕೊಳ್ಳುತ್ತಿತ್ತು. ಕತ್ತು ಓರೆ ಮಾಡಿದರೆ ಮೇಲೆ ಶಿಲುಬೆಯ ಬೆನ್ನು ಕಾಣುತ್ತಿತ್ತು. ಒಂದಾನೊಂದು ಕಾಲದಲ್ಲಿ ಅಲ್ಲೂ ಜನರಿದ್ದರು. ಈಗ ಮಳೆ ನೆಕ್ಕಿದ ಉಬ್ಬುಗಳು ಮಾತ್ರ. ಯಾರಿಗೂ ಕಣ್ಣಿಲ್ಲ, ಬಾಯಿಲ್ಲ.

"ಸರಿಯಿರಿ ಸಾರ್," ಅಬ್ಬಾಸ್ ಹೇಳಿದ. "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ."

"ನಾನು ಸರಿಯುವುದಿಲ್ಲ."

"ಇಳಿಸ್ತೇನೆ ಸಾರ್."

"ಇಳಿಸು."

ಸರಪಳಿ ಕೊಂಡಿ ಕೊಂಡಿಯಾಗಿ ಟಕ್ ಟಕ್ ಎಂದು ಇಳಿಯಿತು. ತಣ್ಣನೆಯ ಕಲ್ಲು ಮಾರ್ಸೆಲ್‌ನ ಬೆನ್ನಿಗೆ ತಾಗಿತು. ಹೊರಗಿನಿಂದ ಯಾರೋ ಶಟರು ಬಡಿಯತೊಡಗಿದರು, ಕಡಲೆಕಾಯಿ ಅಗಿಯುವ ಬಾಯಿಯ ದನಿಯೊಂದು ಒಳಗೆ ಯಾರೆಂದು ಕೇಳಿತು. ಅಬ್ಬಾಸ್ ತಿರುಗಿ ಬಾಗಿಲನ್ನು ನೋಡಿದ. ಗುಂಡಿಯ ಮೇಲಿನ ಹೆಬ್ಬೆರಳನ್ನು ಮಾತ್ರ ಎತ್ತಲಿಲ್ಲ.

ಇನ್ನೊಂದು ಕೊಂಡಿ ಇಳಿಯಿತು.